ಬದಲಿ ಕ್ಯಾಮೆರಾ ಬಂತು, ಅಪ್ಪ ಬರಲಿಲ್ಲ

ಮೊನ್ನೆ ಸಂಜೆ ಶಿವಮೊಗ್ಗದ ನೆಹರೂ ರಸ್ತೆಯ ಅಂಗಡಿಯೊಂದರ ಮುಂದೆ ದೊಡ್ಡ ಜಗಳ. ಗಿರಾಕಿ ಕೂಗಾಡ್ತಾ ಇದ್ದಾರೆ, ಮಾಲೀಕರು ಕೈ ಮುಗೀತಾ ಇದ್ದಾರೆ.

'ವಾರಂಟಿ ಇದೆ ಅಂತ ಹೇಳಿ ಮಾರಿದ್ದು ನೀವೇ ತಾನೇ?'

'ಇದೆ ಸ್ವಾಮಿ, ಯಾರು ಇಲ್ಲ ಅಂದ್ರು? ಆದ್ರೆ ಅದು ಕಂಪನಿಯದು. ನಂದಲ್ಲ.'

ಬಸ್ಸಿಗೆ ಕಾದು ನಿಂತಿದ್ದ ಹತ್ತು ಮಂದಿಗೆ ಪುಕ್ಕಟೆ ಮನರಂಜನೆ. ಇಷ್ಟಕ್ಕೂ ಜಗಳದ ವಸ್ತು ಅಂಗೈಯಗಲದ ಒಂದು ಡಿಜಿಟಲ್ ಕ್ಯಾಮೆರಾ. ಮೂತಿ ಮುಂದಕ್ಕೆ ಚಾಚಿಕೊಂಡು ನಿಂತುಬಿಟ್ಟಿದೆ, ಒಳಗೆ ಹೋಗಲೊಲ್ಲದು.

ಈ ಮೊಬೈಲ್ ಕಾಲದಲ್ಲಿ ಆ ಡಬ್ಬಿ ಯಾರಿಗೆ ಬೇಕು ಮಾರಾಯ್ರೇ ಅಂತ ನೀವು ಕೇಳಬಹುದು. 2010ರಲ್ಲಿ ಕ್ಯಾಮೆರಾ ಕಂಪನಿಗಳು ಜಗತ್ತಿಗೆಲ್ಲ ಸೇರಿ 12 ಕೋಟಿಗೂ ಮಿಕ್ಕಿ ಡಿಜಿಟಲ್ ಕ್ಯಾಮೆರಾ ಕಳಿಸಿದ್ದವು. ಅದರಲ್ಲಿ ಬಹುಪಾಲು ಇಂಥ ಜೇಬಿನ ಕ್ಯಾಮೆರಾಗಳೇ. ಆಮೇಲೆ ಮೊಬೈಲು ಬಂದು ನುಂಗಿ ನೀರು ಕುಡಿಯಿತು. 2024ರಲ್ಲಿ ಈ ಜಾತಿಯ ಲೆಕ್ಕ 20 ಲಕ್ಷವನ್ನೂ ಮುಟ್ಟಲಿಲ್ಲ. ಆದರೂ ಈಗ ಕಾಲೇಜು ಹುಡುಗರಿಗೆ ಮತ್ತೆ ಅದರ ಹುಚ್ಚು ಹತ್ತಿದೆ. ಹೊಸದು ಸಿಕ್ಕದಿದ್ದರೆ ಅಪ್ಪ ಅಮ್ಮನ ಬೀರುವಿನಿಂದ ಹಳೆಯದನ್ನೇ ಎಳೆದು ತರುತ್ತಿದ್ದಾರೆ.

ಜಗಳ ನೋಡುತ್ತ ನಿಂತ ನನಗೆ ನಗು ಬರಲಿಲ್ಲ. ಅಂಥದೇ ಮೂತಿ ಚಾಚಿದ ಕ್ಯಾಮೆರಾ ಹಿಡಿದುಕೊಂಡು ಹಿಂದೊಮ್ಮೆ ನಾನೂ ಹೀಗೇ ಕೂಗಾಡಿದ್ದೆ.

2009ರ ದೀಪಾವಳಿಗೆ ಕೊಂಡದ್ದು. 7,990 ರೂಪಾಯಿ. ಒಂದು ವರ್ಷ ವಾರಂಟಿ. ಮರುವರ್ಷ ಏಪ್ರಿಲ್‌ನಲ್ಲಿ ಊರಿಗೆ ಹೋದಾಗ ಅಪ್ಪ ಜಗಲಿ ಮೇಲೆ ಕೂತು ಅಡಿಕೆ ಕತ್ತರಿಸ್ತಾ ಇದ್ದರು. ಫೋಟೋ ಅಂದ್ರೆ ಮುಖ ಗಂಟು ಹಾಕುವ ಮನುಷ್ಯ, ಅವತ್ತು ಯಾಕೋ ನಗ್ತಾ ಕೂತಿದ್ರು. ಹನ್ನೊಂದು ಫೋಟೋ ಹೊಡೆದೆ. ಮೆಮೊರಿ ಕಾರ್ಡು ಪ್ರಿಂಟ್ ಹಾಕಿಸಲು ಸ್ಟುಡಿಯೋಗೆ ಕೊಟ್ಟಿದ್ದೆ. ಕಾರ್ಡಿಲ್ಲದಿದ್ದರೆ ಹತ್ತಿಪ್ಪತ್ತು ಫೋಟೋ ಹಿಡಿಸುವಷ್ಟು ಜಾಗ ಆ ಕ್ಯಾಮೆರಾದ ಹೊಟ್ಟೆಯಲ್ಲೇ ಇತ್ತು. ಅಪ್ಪ ಅಲ್ಲೇ ಉಳಿದರು. ನಾಳೆ ಕಂಪ್ಯೂಟರಿಗೆ ಹಾಕೋಣ, ನಾಡಿದ್ದು ಹಾಕೋಣ ಅಂತ ದಿನ ದೂಡಿದೆ.

ಜೂನ್‌ನಲ್ಲಿ ಅಪ್ಪ ತೀರಿಕೊಂಡರು. ಆಗಸ್ಟ್‌ನಲ್ಲಿ ಕ್ಯಾಮೆರಾ ಕೆಟ್ಟಿತು.

ಅಂಗಡಿಯವರು, 'ನಾವು ಬಿಚ್ಚಿದ್ರೆ ವಾರಂಟಿ ಹೋಗುತ್ತೆ ಸಾರ್, ಬೆಂಗ್ಳೂರಿಗೆ ತಗೊಂಡು ಹೋಗಿ' ಅಂದರು. ರಾತ್ರಿ ಬಸ್ಸು ಹತ್ತಿದೆ. ಬೆಳಿಗ್ಗೆ ಸರ್ವೀಸ್ ಸೆಂಟರ್ ಬಾಗಿಲು ತೆಗೆಯುವ ಮುಂಚೆಯೇ ಹಾಜರು. ಅಲ್ಲಿದ್ದ ಹುಡುಗ ಲೆನ್ಸಿನ ಸುತ್ತ ಮರಳು ಇದೆಯಾ, ಮೂಲೆಯಲ್ಲಿ ಬಿದ್ದ ಗುರುತು ಇದೆಯಾ ಅಂತ ಪೊಲೀಸ್ ತನಿಖೆಯ ಹಾಗೆ ನೋಡಿದ. ಬಿದ್ದದ್ದು, ನೀರು ಹೊಕ್ಕಿದ್ದು, ಮರಳು ಸಿಕ್ಕಿದ್ದು ಯಾವುದಕ್ಕೂ ವಾರಂಟಿ ಇಲ್ಲವಂತೆ. ನನ್ನದು ಅದೆಲ್ಲದರಲ್ಲೂ ಪಾಸಾಯಿತು. ಆಮೇಲೆ ಬಿಲ್ಲು ಕೇಳಿದ. ಪರ್ಸಿನಿಂದ ತೆಗೆದು ಕೊಟ್ಟೆ. ಬಿಳೀ ಕಾಗದ! ಮೆಷಿನ್ನಿನಿಂದ ಬರುವ ಆ ನುಣುಪು ಕಾಗದದ ಅಕ್ಷರ ಬಿಸಿಲಿಗೆ, ಮೈಶಾಖಕ್ಕೆ ಅಳಿಸಿ ಹೋಗುತ್ತದೆ ಅನ್ನೋದು ನನಗೆ ಅಲ್ಲಿ ಗೊತ್ತಾಯಿತು. ಕ್ಯಾಮೆರಾಕ್ಕೆ ಒಂದು ವರ್ಷದ ವಾರಂಟಿ, ಅದರ ಬಿಲ್ಲಿಗೆ ಹತ್ತು ತಿಂಗಳ ಆಯಸ್ಸು.

ಮತ್ತೆ ಶಿವಮೊಗ್ಗ. ಅಂಗಡಿಯವರು ಪಾಪ ಒಳ್ಳೆಯವರು. ಹಳೇ ಲೆಕ್ಕ ಹುಡುಕಿ, ಇನ್ನೊಂದು ಬಿಲ್ಲು ತೆಗೆದು, ಸೀರಿಯಲ್ ನಂಬರ್ ಕೈಯಲ್ಲಿ ಬರೆದು ಮೊಹರು ಒತ್ತಿ ಕೊಟ್ಟರು. ನಾನು ಕೂಗಾಡಿದ್ದು ಇವರ ಮೇಲೆಯೇ. ಅರ್ಧ ಲಾಭಕ್ಕೆ ಮಾರಿ ಪೂರ್ತಿ ಬೈಗುಳ ತಿನ್ನೋದು ಅಂಗಡಿಯವರ ಹಣೆಬರಹ.

ಮತ್ತೆ ಬೆಂಗಳೂರು. ಒಂದು ಫಾರಂ ಕೊಟ್ಟರು, ಸಹಿ ಮಾಡಿದೆ. ಓದಲಿಲ್ಲ. ಯಾರು ಓದ್ತಾರೆ ಹೇಳಿ?

ಮೂರು ವಾರ ಬಿಟ್ಟು ಫೋನ್ ಬಂತು. ಹೋದೆ. ಹುಡುಗ ಖುಷಿಯಿಂದ ಹೊಚ್ಚ ಹೊಸ ಪೆಟ್ಟಿಗೆ ಮುಂದಿಟ್ಟ. 'ರಿಪೇರಿ ಆಗಲ್ಲ ಅಂತ ಬೇರೆ ಪೀಸೇ ಕೊಟ್ಟಿದಾರೆ ಸಾರ್, ನೀವು ಲಕ್ಕಿ!'

'ಹಳೇದು ಎಲ್ಲಪ್ಪಾ?'

'ಅದು ವಾಪಸ್ ಕಳಿಸಾಯ್ತಲ್ಲ ಸಾರ್.'

'ಅದರೊಳಗೆ ಫೋಟೋ ಇತ್ತು.'

ಹುಡುಗ ಫಾರಂ ತಿರುಗಿಸಿ ತೋರಿಸಿದ. ಕ್ಯಾಮೆರಾದಲ್ಲಿರುವ ಫೋಟೋಗಳಿಗೆ ನಾವು ಜವಾಬ್ದಾರರಲ್ಲ ಅಂತ ಸಾಸಿವೆ ಗಾತ್ರದ ಅಕ್ಷರದಲ್ಲಿತ್ತು. ಕೆಳಗೆ ನನ್ನ ಸಹಿ. ಕಂಪನಿ ಮಾತು ತಪ್ಪಿತೇ? ಇಲ್ಲ. ಪುಕ್ಕಟೆ ಹೊಸ ಕ್ಯಾಮೆರಾ ಕೊಟ್ಟಿತು. ನನಗೆ ಬೇಕಾಗಿದ್ದದ್ದು ಅದಲ್ಲ, ಅಷ್ಟೇ.

ಇದಕ್ಕಿಂತ ಹೊಟ್ಟೆ ಉರಿಸಿದ್ದು ಆಮೇಲೆ ಸ್ಟುಡಿಯೋದವರು ಹೇಳಿದ ಮಾತು. ಲೆನ್ಸ್ ಸಿಕ್ಕಿಕೊಂಡರೂ ಇಂಥ ಎಷ್ಟೋ ಕ್ಯಾಮೆರಾಗಳಲ್ಲಿ ಫೋಟೋ ನೋಡುವ ಗುಂಡಿ ಒತ್ತಿದರೆ ಪರದೆ ಹತ್ತಿಕೊಳ್ಳುತ್ತದಂತೆ, ಫೋಟೋ ನೋಡಲು ಲೆನ್ಸು ಬೇಕಿಲ್ಲವಲ್ಲ! ಪೆಟ್ಟಿಗೆಯಲ್ಲಿ ಕೊಟ್ಟ ವೈರನ್ನು ಕಂಪ್ಯೂಟರಿಗೆ ಸಿಕ್ಕಿಸಿದ್ದರೆ ಹನ್ನೊಂದೂ ಫೋಟೋ ಹೊರಗೆ ಬರುತ್ತಿದ್ದವೋ ಏನೋ. ಆ ವೈರು ಮನೆಯಲ್ಲಿ ದಾರ ಕೂಡ ಬಿಚ್ಚದೆ ಬಿದ್ದಿತ್ತು.

ಕಂಪನಿಯವರೆಲ್ಲ ಕಳ್ಳರು ಅಂತ ನಾನು ಹೇಳೋದಿಲ್ಲ. 2005ರಲ್ಲಿ ಸೆಕೆ, ತೇವಕ್ಕೆ ಚಿತ್ರ ಹಿಡಿಯುವ ಸಿಸಿಡಿ ಅನ್ನೋ ಭಾಗವೇ ಕೆಡುತ್ತದೆ ಅಂತ ಗೊತ್ತಾದಾಗ ಜಪಾನಿನ ಹಲವು ಕಂಪನಿಗಳು ವಾರಂಟಿ ಮುಗಿದಿದ್ದರೂ ಪುಕ್ಕಟೆ ಸರಿ ಮಾಡಿಕೊಟ್ಟವು. ಆದರೆ ದುಬೈನಿಂದ ಭಾವ ತಂದದ್ದು, ಬಿಲ್ಲಿಲ್ಲದೆ ಅಗ್ಗಕ್ಕೆ ಸಿಕ್ಕಿದ್ದು, ಇವಕ್ಕೆ ಇಲ್ಲಿ ವಾರಂಟಿ ಕೇಳಹೋದರೆ ಬಹುತೇಕ ಬರಿಗೈ.

ಇನ್ನು ಮೊನ್ನೆ ಜಗಳವಾಡಿದ ಗಿರಾಕಿಗೆ ಒಂದು ಮಾತು. ಸಿಟ್ಟು ಬೀದಿಯಲ್ಲಿ ಖರ್ಚು ಮಾಡಬೇಡಿ. ಹಳೇ 1986ರ ಕಾಯ್ದೆ ಹೋಗಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ಕಂಪನಿ ಎಲ್ಲಿಯದೇ ಇರಲಿ, ನೀವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ, ಎರಡು ವರ್ಷದೊಳಗೆ ಹೋಗಬೇಕು. ಅದಕ್ಕೂ ಮೊದಲು 1915ಕ್ಕೆ ಒಂದು ಫೋನ್ ಮಾಡಿ ನೋಡಿ. ಅಂಗಡಿಯವರೂ ಕೇಳಿಸಿಕೊಳ್ಳಿ: ಬಿಲ್ಲು ಕೊಡದಿರೋದು ಈ ಕಾಯ್ದೆಯಲ್ಲಿ ತಪ್ಪು. 'ಮಾರಿದ ಮಾಲು ವಾಪಸಿಲ್ಲ' ಅನ್ನೋ ಬೋರ್ಡು ಕೆಟ್ಟ ಮಾಲಿಗೆ ರಕ್ಷಣೆ ಕೊಡೋದಿಲ್ಲ. ನುಣುಪು ಕಾಗದದ ಬಿಲ್ಲಿಗೆ ಒಂದು ಜೆರಾಕ್ಸ್ ಸೇರಿಸಿ ಕೊಟ್ಟರೆ ನಿಮ್ಮ ಗಂಟೇನೂ ಹೋಗಲ್ಲ.

ಆ ಬದಲಿ ಕ್ಯಾಮೆರಾ ಇನ್ನೂ ನಮ್ಮ ಬೀರುವಿನಲ್ಲಿದೆ. ಕಳೆದ ವಾರ ತಮ್ಮನ ಮಗ ಬಂದು, 'ದೊಡ್ಡಪ್ಪ, ಇದು ನಂಗೆ ಕೊಡ್ತೀಯಾ?' ಅಂದ. ಬ್ಯಾಟರಿ ಚಾರ್ಜ್ ಮಾಡಿದ, ಹತ್ತಿಕೊಂಡಿತು. ಜಗಲಿ ಮೇಲೆ ಪೇಪರ್ ಓದ್ತಾ ಕೂತಿದ್ದ ನನ್ನ ಕಡೆ ತಿರುಗಿಸಿ ಕ್ಲಿಕ್ ಅನಿಸಿದ.

'ಕಾರ್ಡ್ ಹಾಕಿದ್ದೀಯೇನೋ?'

'ಇಲ್ಲ ದೊಡ್ಡಪ್ಪ, ಆದ್ರೂ ಬಂತಲ್ಲ!'

ಪೇಪರ್ ಕೆಳಗಿಟ್ಟು ವೈರು ಹುಡುಕಲು ಒಳಗೆ ಹೋದೆ.