ದೇವರ ಹೆಸರು, ದೇಶದ ಪ್ರತಿಜ್ಞೆ

ಆಗಸ್ಟ್ 15 ಎಂದರೆ ನಮಗೆ ಎರಡು ಹಬ್ಬ. ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಬಲಿಪೂಜೆ ಮುಗಿಸಿ ಹೊರಬರುತ್ತಿದ್ದಂತೆ ದೇವಾಲಯದ ಅಂಗಳದಲ್ಲಿ ತ್ರಿವರ್ಣ ಧ್ವಜ ಏರುತ್ತದೆ. ಮಕ್ಕಳು ಕೈ ಮುಂದೆ ಚಾಚಿ ಪ್ರತಿಜ್ಞೆ ಹೇಳುತ್ತಾರೆ. ಆ ಪ್ರತಿಜ್ಞೆಯಲ್ಲಿ ಹೆತ್ತವರಿದ್ದಾರೆ, ಗುರುಹಿರಿಯರಿದ್ದಾರೆ, ಸಹೋದರ ಸಹೋದರಿಯರಿದ್ದಾರೆ, ದೇವರ ಹೆಸರಿಲ್ಲ. ಇರಬೇಕಿತ್ತೇ? ಇಂಥದೇ ಪ್ರಶ್ನೆ ಅಮೆರಿಕದಲ್ಲಿ ನ್ಯಾಯಾಲಯದ ಮೆಟ್ಟಿಲೇರಿತ್ತು. ಆ ಕಥೆಯಲ್ಲಿ ನಮಗೂ ಒಂದು ಪಾಠವಿದೆ.

ಅಮೆರಿಕದ ಶಾಲಾಮಕ್ಕಳು ಹೇಳುವ ಧ್ವಜನಿಷ್ಠೆಯ ಪ್ರತಿಜ್ಞೆಯನ್ನು 1892ರಲ್ಲಿ ರಚಿಸಿದವರು ಫ್ರಾನ್ಸಿಸ್ ಬೆಲ್ಲಾಮಿ ಎಂಬ ಬ್ಯಾಪ್ಟಿಸ್ಟ್ ಬೋಧಕರು. ಬೋಧಕರೇ ಬರೆದರೂ ಅದರಲ್ಲಿ ದೇವರ ಪ್ರಸ್ತಾಪವಿರಲಿಲ್ಲ. 'ದೇವರಿಗೆ ಅಧೀನವಾದ' ರಾಷ್ಟ್ರ ಎಂಬರ್ಥದ ಪದಗಳನ್ನು 1951ರಲ್ಲಿ ತಮ್ಮ ಸಭೆಗಳಲ್ಲಿ ಸೇರಿಸಿ ಹೇಳತೊಡಗಿದವರು, ಅದಕ್ಕಾಗಿ ಒತ್ತಾಯಿಸಿದವರು ನಮ್ಮವರೇ ಆದ ನೈಟ್ಸ್ ಆಫ್ ಕೊಲಂಬಸ್ ಎಂಬ ಕಥೋಲಿಕ ಸಂಘಟನೆಯವರು. ಅದು ನಾಸ್ತಿಕ ಸೋವಿಯತ್ ಆಡಳಿತದೊಂದಿಗಿನ ಶೀತಲ ಸಮರದ ಕಾಲ. 1954ರ ಜೂನ್ 14ರಂದು ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿ ಆ ಪದಗಳನ್ನು ಕಾನೂನಾಗಿಸಿದರು.

ಮುಂದೆ ಮೈಕಲ್ ನ್ಯೂಡೋ ಎಂಬ ನಾಸ್ತಿಕ ತಂದೆ, ತಮ್ಮ ಮಗಳ ಶಾಲೆಯಲ್ಲಿ ಇದನ್ನು ಹೇಳಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ದಾವೆ ಹೂಡಿದರು. 2002ರಲ್ಲಿ ಮೇಲ್ಮನವಿ ನ್ಯಾಯಾಲಯವೊಂದು ಅವರ ವಾದವನ್ನು ಒಪ್ಪಿದಾಗ ದೇಶವೇ ಕೆರಳಿತು. ಸೆನೆಟ್ 99-0 ಮತಗಳಿಂದ ಪ್ರತಿಜ್ಞೆಯ ಪರ ನಿಂತಿತು. 2004ರ ಜೂನ್ 14ರಂದು, ಸರಿಯಾಗಿ ಐವತ್ತು ವರ್ಷಗಳ ಬಳಿಕ, ಸುಪ್ರೀಂ ಕೋರ್ಟ್ ಮಗಳ ಪರವಾಗಿ ದಾವೆ ಹೂಡಲು ಆ ತಂದೆಗೆ ಅಧಿಕಾರವಿಲ್ಲವೆಂದು ಹೇಳಿತು; ಮೂಲ ಪ್ರಶ್ನೆಯನ್ನು ಮುಟ್ಟಲಿಲ್ಲ. 2010ರಲ್ಲಿ ಅದೇ ಮೇಲ್ಮನವಿ ನ್ಯಾಯಾಲಯ, ಬೇರೊಂದು ದಾವೆಯಲ್ಲಿ, ಆ ಪದಗಳು ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತು.

ಹಾಗಾದರೆ ದೇವರ ಹೆಸರು ಗೆದ್ದಿತೆಂದು ನಾವು ಹಿಗ್ಗಬೇಕೇ? ಸ್ವಲ್ಪ ನಿಧಾನಿಸೋಣ. ಈ ಪ್ರತಿಜ್ಞೆಯ ಇತಿಹಾಸದಲ್ಲಿ ಇನ್ನೂ ದೊಡ್ಡದೊಂದು ತೀರ್ಪಿದೆ. ಯೆಹೋವನ ಸಾಕ್ಷಿಗಳ ಪಂಥದ ಮಕ್ಕಳು ವಿಶ್ವಾಸದ ಕಾರಣದಿಂದಲೇ ಧ್ವಜಕ್ಕೆ ವಂದಿಸಲು ಒಪ್ಪಲಿಲ್ಲ. 1940ರಲ್ಲಿ ಸುಪ್ರೀಂ ಕೋರ್ಟ್ ಶಾಲೆಗಳ ಪರ ತೀರ್ಪಿತ್ತಿತು. ಆ ಬಳಿಕ ಅವರ ಮೇಲೆ ಹಲವೆಡೆ ಹಲ್ಲೆಗಳಾದವು. 1943ರಲ್ಲಿ ನ್ಯಾಯಾಲಯ ತನ್ನ ತಪ್ಪನ್ನು ತಾನೇ ತಿದ್ದಿಕೊಂಡು, ಯಾವ ಮಗುವನ್ನೂ ಬಲವಂತ ಮಾಡುವಂತಿಲ್ಲವೆಂದು ಸಾರಿತು. ದೇವರ ಹೆಸರಿರುವ ಪ್ರತಿಜ್ಞೆಯನ್ನು ಹೇಳದೆ ಸುಮ್ಮನಿರುವ ಹಕ್ಕು ಇಂದಿಗೂ ಅಲ್ಲಿನ ಮಕ್ಕಳಿಗಿದೆ.

ಆ ತೀರ್ಪಿನ ಬೆಳಕು ನಮ್ಮ ದೇಶಕ್ಕೂ ತಲುಪಿತು. 1985ರಲ್ಲಿ ಕೇರಳದ ಶಾಲೆಯೊಂದರಿಂದ ಅದೇ ಪಂಥದ ಮೂವರು ಮಕ್ಕಳನ್ನು ಹೊರಹಾಕಲಾಯಿತು. ರಾಷ್ಟ್ರಗೀತೆಗೆ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ ಅಷ್ಟೆ. 1986ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅಮೆರಿಕದ ಆ ತೀರ್ಪನ್ನೂ ಸ್ಮರಿಸಿ, ಮಕ್ಕಳನ್ನು ಮರಳಿ ಶಾಲೆಗೆ ಸೇರಿಸಿಕೊಳ್ಳಲು ಆದೇಶಿಸಿತು. ನಮ್ಮ ಸಂವಿಧಾನವೂ ಅಷ್ಟೇ ಉದಾರ: ಮಂತ್ರಿಯಾಗುವವರು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ದೇವರ ಹೆಸರಿಲ್ಲದೆ ದೃಢೀಕರಿಸಬಹುದು.

ಪ್ರಿಯರೇ, ಬಹುಸಂಖ್ಯಾತರಾಗಿರುವಲ್ಲಿ ನಮ್ಮ ಪ್ರಾರ್ಥನೆಯನ್ನು ಎಲ್ಲರ ಬಾಯಲ್ಲೂ ಹೇಳಿಸುವುದು, ಅಲ್ಪಸಂಖ್ಯಾತರಾಗಿರುವಲ್ಲಿ ಸ್ವಾತಂತ್ರ್ಯ ಕೇಳುವುದು ನ್ಯಾಯವಲ್ಲ. ವಿಶ್ವಾಸದ ವಿಷಯದಲ್ಲಿ ಯಾರನ್ನೂ ಬಲವಂತ ಮಾಡಬಾರದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಘೋಷಿಸಿದೆ. ನಾಣ್ಯ ಹಿಡಿದು ಪ್ರಶ್ನಿಸಿದವರಿಗೆ ಪ್ರಭು ಯೇಸು ಕೊಟ್ಟ ಉತ್ತರ ನಮಗೆ ಗೊತ್ತೇ ಇದೆ. ಕಾನೂನು ಹೇಳಿಸಿದ ದೇವರ ಹೆಸರು ತುಟಿಯಲ್ಲೇ ಉಳಿದೀತು. ಮನೆಯಲ್ಲಿ ಜಪಮಾಲೆ ಹಿಡಿದ ತಾಯಿಯಿಂದ ಕಲಿತದ್ದು ಎದೆಗಿಳಿಯುತ್ತದೆ.

ಮುಂದಿನ ಆಗಸ್ಟ್ 15ರಂದು ನಮ್ಮ ಮಕ್ಕಳು ಮನಸಾರೆ ಪ್ರತಿಜ್ಞೆ ಹೇಳಲಿ. ಪಕ್ಕದಲ್ಲಿ ಮೌನವಾಗಿ ನಿಂತ ಮಗುವನ್ನೂ ತಮ್ಮ ಸಹೋದರನೆಂದೇ ಕಾಣಲಿ.