ಮೊಟ್ಟೆಯ ಚಿಪ್ಪು ಯಾವ ವಿಭಾಗಕ್ಕೆ ಸೇರಿದ್ದು?

ಪಿ.ಸಿ.ಎಂ. ಎಂದೂ ಸಿ.ಬಿ.ಝಡ್. ಎಂದೂ ವಿದ್ಯಾರ್ಥಿಗಳನ್ನು ಪ್ರವೇಶದ ದಿನವೇ ಬೇರ್ಪಡಿಸುವ ಪದ್ಧತಿಯು ನಮ್ಮ ಕಾಲೇಜುಗಳಲ್ಲಿ ಎಷ್ಟು ರೂಢಮೂಲವಾಗಿದ್ದಿತೆಂದರೆ, ಲೋಲಕದ ಆಂದೋಲನಗಳನ್ನು ಎಣಿಸುತ್ತ ಕುಳಿತವನಿಗೆ, ಪಕ್ಕದ ಕೊಠಡಿಯಲ್ಲಿ ಈರುಳ್ಳಿಯ ಬೇರಿನ ತುದಿಯನ್ನು ಸೂಕ್ಷ್ಮದರ್ಶಕದಡಿ ಇರಿಸಿ ಕೋಶವಿಭಜನೆಯನ್ನು ನೋಡುತ್ತಿರುವವರ ಮುಖಪರಿಚಯವೂ ಇಲ್ಲದೆ ಮೂರು ವರ್ಷ ಕಳೆದುಹೋಗುತ್ತಿದ್ದುದುಂಟು. ಈ ಗೋಡೆಯನ್ನು ಮೊದಲ ವರ್ಷದಲ್ಲಿಯೇ ಕೆಡಹಲು ಯತ್ನಿಸಿದವರಲ್ಲಿ, ಕ್ಯಾಲಿಫೋರ್ನಿಯದ ಕ್ಲೇರ್‌ಮಾಂಟ್ ಪಟ್ಟಣದಲ್ಲಿ ೧೯೫೫ರಲ್ಲಿ ಸ್ಥಾಪಿತವಾದ ಹಾರ್ವಿ ಮಡ್ ಕಾಲೇಜಿನ ಅಧ್ಯಾಪಕರು ಗಣನೀಯರು. ಅವರು ಏರ್ಪಡಿಸಿದ ಅಂತರಶಾಸ್ತ್ರೀಯ ಪ್ರಯೋಗಶಾಲೆಯಲ್ಲಿ ಭೌತ, ರಸಾಯನ, ಜೀವಶಾಸ್ತ್ರಗಳ ಗುರುಗಳು ಕೂಡಿಯೇ ಕಲಿಸಿದರು. ಶೀತರಕ್ತ ಪ್ರಾಣಿಯ ಉಷ್ಣಗುಣಗಳು, ಜೀವಿಗಳ ಗಟ್ಟಿ ಅಂಗಾಂಶಗಳಲ್ಲಿರುವ ಕಾರ್ಬೊನೇಟಿನ ಪ್ರಮಾಣ, ಇಂಥವು ಅಲ್ಲಿಯ ಪ್ರಯೋಗಗಳು.

ಎರಡನೆಯ ವಿಷಯವನ್ನು ಶೋಧಿಸಲು ನಮಗೆ ಹೋಟೆಲಿನವನು ಎಸೆದ ಮೊಟ್ಟೆಯ ಚಿಪ್ಪು ಸಾಕು. ಒಳಗಿನ ಪೊರೆಯನ್ನು ಸುಲಿದು, ಒಣಗಿಸಿ, ಪುಡಿಮಾಡಿ, ಅದರ ಮೇಲೆ ಹೈಡ್ರೋಕ್ಲೋರಿಕ್ ಆಮ್ಲವನ್ನು ಸುರಿದರೆ ನೊರೆಯುಕ್ಕಿಸಿ ಹೊರಡುವ ಇಂಗಾಲದ ಡೈಆಕ್ಸೈಡನ್ನು ನೀರಿನಲ್ಲಿ ಬೋರಲಿಟ್ಟ ಅಳತೆಯ ಜಾಡಿಯಲ್ಲಿ ಹಿಡಿಯಬಹುದು. ಒಂದು ಗ್ರಾಂ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟಿನಿಂದ ಸಮುದ್ರಮಟ್ಟದಲ್ಲಿ ಸುಮಾರು ೨೪೦ ಮಿ.ಲೀ. ಅನಿಲ ಬರಬೇಕು. ಆದರೆ ಬೆಂಗಳೂರು ೯೦೦ ಮೀಟರಿಗೂ ಎತ್ತರದಲ್ಲಿರುವ ಊರು. ಇಲ್ಲಿಯ ವಾಯುಭಾರ ಪಾದರಸದ ೭೬೦ ಮಿ.ಮೀ. ಅಲ್ಲ, ಹೆಚ್ಚುಕಡಿಮೆ ೬೯೦; ಆದಕಾರಣ ಅದೇ ಅನಿಲ ಇಲ್ಲಿ ಹತ್ತನೆಯ ಒಂದು ಪಾಲಿನಷ್ಟು ಹೆಚ್ಚು ಸ್ಥಳವನ್ನು ಆಕ್ರಮಿಸುತ್ತದೆ. ಪುಸ್ತಕದ ೭೬೦ನ್ನೇ ನೆಚ್ಚಿ ಲೆಕ್ಕ ಹಾಕಿದವನಿಗೆ, ಶೇಕಡ ೯೫ರಷ್ಟು ಕಾರ್ಬೊನೇಟ್ ಇರುವ ಚಿಪ್ಪಿನಲ್ಲಿ ಶೇಕಡ ನೂರನ್ನು ಮೀರಿದ ಕಾರ್ಬೊನೇಟ್ ಕಂಡುಬಂದೀತು! ಇತ್ತ ಅನಿಲದ ಒಂದಂಶ ಜಾಡಿಯ ನೀರಿನಲ್ಲಿಯೇ ಕರಗಿಹೋಗುವುದರಿಂದ, ಎರಡು ದೋಷಗಳು ಒಂದನ್ನೊಂದು ಮುಚ್ಚಿಕೊಂಡು ಉತ್ತರವು ಪುಸ್ತಕದ ಅಂಕೆಗೆ ತಾಳೆಯಾಗಿಬಿಡುವ ಸಂಭವವೂ ಉಂಟು. ರೆಕಾರ್ಡಿಗೆ ಸಹಿಯೂ ಬಿದ್ದುಬಿಡುತ್ತದೆ. ನನ್ನ ಮಟ್ಟಿಗೆ, ಈ ಬಗೆಯ ಶಿಕ್ಷಣದ ಸಾರವಿರುವುದು ಆ ಸಹಿಯನ್ನು ತಡೆಹಿಡಿಯುವುದರಲ್ಲಿ.

ಅಷ್ಟರಲ್ಲಿ ಹುಡುಗಿಯೊಬ್ಬಳು, ಬೇಸಗೆಯ ಮೊಟ್ಟೆಗಳ ಚಿಪ್ಪು ತೆಳುವೇಕೆಂದು ಕೇಳಿದಳೆನ್ನಿ. ಸೆಖೆಗೆ ಏದುಸಿರುಬಿಡುವ ಕೋಳಿ ತನ್ನ ರಕ್ತದ ಇಂಗಾಲದ ಡೈಆಕ್ಸೈಡನ್ನು ಮಿತಿಮೀರಿ ಕಳೆದುಕೊಳ್ಳುವುದರಿಂದ ಚಿಪ್ಪಿಗೆ ಬೇಕಾದ ಕಾರ್ಬೊನೇಟ್ ಸಾಲದಾಗುತ್ತದೆಂಬುದನ್ನು ರಸಾಯನಶಾಸ್ತ್ರದ ಮೇಷ್ಟ್ರು ಬಲ್ಲರೋ ಇಲ್ಲವೋ. ಅರಿಯದಿದ್ದರೆ ಹುಡುಗರೆದುರಿಗೇ ಪ್ರಾಣಿಶಾಸ್ತ್ರದವರನ್ನು ಕೇಳುವ ದಾಕ್ಷಿಣ್ಯಹೀನತೆ ಅವರಿಗಿರಬೇಕು. ತೊಡಕೆಲ್ಲ ಇಲ್ಲಿಯೇ ಇದೆ, ಉಪಕರಣಗಳಲ್ಲಿ ಅಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ೨೦೧೧ರಲ್ಲಿ ನಾಲ್ಕು ವರ್ಷಗಳ ಪದವಿಯನ್ನು ಆರಂಭಿಸಿದಾಗ, ಮೊದಲ ಮೂರು ಸೆಮಿಸ್ಟರುಗಳಲ್ಲಿ ಎಲ್ಲರೂ ಗಣಿತ, ಭೌತ, ರಸಾಯನ, ಜೀವಶಾಸ್ತ್ರಗಳನ್ನು ಕಲಿಯತಕ್ಕದ್ದೆಂದು ವಿಧಿಸಿತು. ತಾಲ್ಲೂಕಿನ ಕಾಲೇಜಿಗೆ ಅಂತಹ ಅನುಕೂಲವಿಲ್ಲವೆಂಬುದು ನಿಜ. ಆದರೂ ಸೆಮಿಸ್ಟರಿಗೊಂದು ಮಧ್ಯಾಹ್ನ ಎರಡು ವಿಭಾಗದವರು ಒಂದೇ ಬ್ಯಾಚಿನೆದುರು ನಿಲ್ಲುವುದಕ್ಕೆ ಟೈಮ್‌ಟೇಬಲ್ ತಿದ್ದುವ ಪ್ರಿನ್ಸಿಪಾಲರ ಸಮ್ಮತಿಯೊಂದಿದ್ದರೆ ಸಾಕು.