ಚಿತ್ತಾ ನಕ್ಷತ್ರದ ಕೆಳಗೆ ಒಂದು ಕೋಟಿ ಸೂರ್ಯರು

ಏಪ್ರಿಲ್ ನಡುವಿನ ರಾತ್ರಿ, ಹನ್ನೆರಡೂವರೆಯ ಸುಮಾರಿಗೆ, ಕುಷ್ಟಗಿ ಹೊರಗಿನ ಯಾವುದಾದರೂ ಹೊಲದ ಬದುವಿನ ಮೇಲೆ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಎತ್ತರದಲ್ಲಿ ನೀಲಿ ಬಿಳುಪಾಗಿ ಹೊಳೆಯುವುದೇ ಚಿತ್ತಾ. ಅಕ್ಟೋಬರಿನಲ್ಲಿ ಸೂರ್ಯ ಇದರ ಬಳಿಗೆ ಬಂದಾಗ ನಮ್ಮ ರೈತರು ಚಿತ್ತಾ ಮಳೆಗೆ ಕಾಯುತ್ತಾರೆ. ಆಗ ನಕ್ಷತ್ರ ಬಿಸಿಲಲ್ಲಿ ಮುಳುಗಿರುತ್ತದೆ. ಆರು ತಿಂಗಳು ಕಳೆದರೆ ರಾತ್ರಿಯಿಡೀ ಅದು ನಮ್ಮದು! ಈಗ ಅಲ್ಲಿಂದ ನೆಲದ ಕಡೆಗೆ ನೇರ ಗೆರೆ ಎಳೆಯಿರಿ. ದಿಗಂತದಿಂದ ಸುಮಾರು 27 ಡಿಗ್ರಿ ಮೇಲೆ, ಮಬ್ಬು ಬಿಟ್ಟು ಬೇರೇನೂ ಕಾಣದ ಆ ಜಾಗದಲ್ಲಿ, ಒಂದು ಕೋಟಿ ನಕ್ಷತ್ರಗಳಿವೆ. ಒಂದು ಕೋಟಿ!

ಒಮೆಗಾ ಸೆಂಟಾರಿ. ನಮ್ಮ ಆಕಾಶಗಂಗೆಯ ಅತಿ ದೊಡ್ಡ ಗೋಳಾಕಾರದ ತಾರಾಗುಚ್ಛ, ಸುಮಾರು 17 ಸಾವಿರ ಜ್ಯೋತಿರ್ವರ್ಷ ದೂರ. ಪ್ರಾಚೀನ ಖಗೋಳಜ್ಞ ಟಾಲೆಮಿ ಇದನ್ನು ಒಂಟಿ ನಕ್ಷತ್ರವೆಂದೇ ಬರೆದಿದ್ದ. ಹಾಗಲ್ಲವೆಂದು 1677ರಲ್ಲಿ ಗುರುತಿಸಿದ ಎಡ್ಮಂಡ್ ಹ್ಯಾಲಿ ಆಗ ಸೇಂಟ್ ಹೆಲೆನಾ ದ್ವೀಪದಲ್ಲಿದ್ದ. ಅವನ ಇಂಗ್ಲೆಂಡಿನಲ್ಲಿ ಇದು ಹುಟ್ಟುವುದೇ ಇಲ್ಲ. ನಮಗೆ ಹೊಲದ ಬದುವೇ ಸಾಕು!

ಆದರೆ ಇದರ ಚಿತ್ರ ತೆಗೆಯಲು ಇಲ್ಲಿನ ಆಕಾಶ ಸುಲಭದ್ದಲ್ಲ. ಬೇಸಿಗೆಯ ದೂಳು, ಹೊಸಪೇಟೆ ಹೆದ್ದಾರಿಯ ಲಾರಿಗಳ ಬೆಳಕು, ಗಾಳಿಯಂತ್ರಗಳ ಕೆಂಪು ದೀಪ, ದಕ್ಷಿಣದಲ್ಲೇ ಕೊಪ್ಪಳದ ಕಡೆಯ ಪ್ರಭೆ. ಅಷ್ಟು ತಗ್ಗಿನಲ್ಲಿರುವ ಬೆಳಕು ನೆತ್ತಿಯಿಂದ ಬರುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಗಾಳಿ ದಾಟಿ ಬರಬೇಕು. ಸೆಕೆಗೆ ಕ್ಯಾಮೆರಾದ ಸೆನ್ಸರ್ ಕೂಡ ತನ್ನದೇ ಹುಸಿ ಚುಕ್ಕೆಗಳನ್ನು ಸೇರಿಸುತ್ತದೆ. ಇಂಥ ಕಡೆ ನೆಬ್ಯುಲಾಗಳ ಬೆನ್ನು ಹತ್ತಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅವುಗಳ ತೆಳು ಹೊಗೆ ಮಬ್ಬಿನಲ್ಲಿ ಕರಗಿಬಿಡುತ್ತದೆ, ತಾರಾಗುಚ್ಛದ ಚೂಪು ಬಿಂದುಗಳು ಮಬ್ಬನ್ನು ಚುಚ್ಚಿಕೊಂಡು ಬರುತ್ತವೆ.

ನಕ್ಷತ್ರಗಳನ್ನು ಹಿಂಬಾಲಿಸುವ ಮೋಟಾರು ಬೇಡ, ದೂರದರ್ಶಕವೂ ಬೇಡ. ಸಾಧಾರಣ ಕ್ಯಾಮೆರಾ, 135 ಎಂಎಂ ಲೆನ್ಸ್, ಅಲುಗಾಡದ ಸ್ಟ್ಯಾಂಡ್. ಭೂಮಿ ತಿರುಗುವುದರಿಂದ ಎರಡು ಸೆಕೆಂಡ್ ಮೀರಿದರೆ ನಕ್ಷತ್ರಗಳು ಗೀರಾಗುತ್ತವೆ, ಆದ್ದರಿಂದ ಎರಡೆರಡು ಸೆಕೆಂಡಿನ ಚಿತ್ರಗಳು, ನಡುನಡುವೆ ಗುರಿ ಸರಿಪಡಿಸುತ್ತ, ಒಟ್ಟು 900. ಒಂದೊಂದನ್ನೇ ನೋಡಿದರೆ ಕಂದು ಮಬ್ಬಿನಲ್ಲೊಂದು ಅನುಮಾನದ ಕಲೆ, ಅಷ್ಟೆ. ಲೆನ್ಸ್ ಮುಚ್ಚಿಟ್ಟು ಇನ್ನಷ್ಟು ಚಿತ್ರ ತೆಗೆದರೆ ಸೆಕೆಯ ಹುಸಿ ಚುಕ್ಕೆಗಳ ಗುರುತು ಸಿಗುತ್ತದೆ. ಅವನ್ನು ಕಳೆದು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸಿ ಸರಾಸರಿ ತೆಗೆಯಿರಿ. ನಕ್ಷತ್ರಗಳು ಪ್ರತಿ ಚಿತ್ರದಲ್ಲೂ ಅಲ್ಲಲ್ಲೇ ಇರುತ್ತವೆ, ಕಾಳುಕಾಳಾದ ಗದ್ದಲ ಮಾತ್ರ ಪ್ರತಿ ಸಲ ಬೇರೆ. 900ರ ವರ್ಗಮೂಲ 30: ಗದ್ದಲ ಮೂವತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ! ಕಲೆ ಒಡೆಯುತ್ತದೆ, ಅಂಚಿನಿಂದ ಬಿಂದುಗಳು ಬಿಡಿಬಿಡಿಯಾಗುತ್ತವೆ, ಬಿತ್ತಿದ ಸಜ್ಜೆಯಂತೆ. ನಡುವಿನಲ್ಲಿ ಮಾತ್ರ ಯಾವುದನ್ನೂ ಬೇರ್ಪಡಿಸಲಾಗದ ದಟ್ಟಣೆ.

ಆ ದಟ್ಟಣೆಯೊಳಗೇ 2024ರಲ್ಲಿ ಎಂಥದು ಸಿಕ್ಕಿತು ಗೊತ್ತೇ? ಇಪ್ಪತ್ತು ವರ್ಷಗಳಲ್ಲಿ ಹಬಲ್ ಬಾಹ್ಯಾಕಾಶ ದೂರದರ್ಶಕ ತೆಗೆದ 500ಕ್ಕೂ ಹೆಚ್ಚು ಚಿತ್ರಗಳನ್ನು ಹೋಲಿಸಿದ ವಿಜ್ಞಾನಿಗಳು ಅತಿವೇಗದ ಏಳು ನಕ್ಷತ್ರಗಳನ್ನು ಕಂಡರು. ಕನಿಷ್ಠ 8,200 ಸೂರ್ಯರಷ್ಟು ತೂಕದ ಕಪ್ಪುಕುಳಿ ಅಲ್ಲಿರಬೇಕೆಂಬುದು ಅವರ ಲೆಕ್ಕ. ಹಬಲ್‌ಗೂ ಒಂದು ಚಿತ್ರ ಸಾಲಲಿಲ್ಲ!

ಇನ್ನೊಂದು ಬಾಕಿ ಇದೆ. ಗುಚ್ಛದಿಂದ ನಾಲ್ಕೂವರೆ ಡಿಗ್ರಿ ಮೇಲೆ, ಅದೇ ಗೆರೆಯಲ್ಲಿ, ಅದೇ ಚೌಕಟ್ಟಿನೊಳಗೆ, ಅಡ್ಡಲಾಗಿ ದೂಳಿನ ಪಟ್ಟಿ ಕಟ್ಟಿಕೊಂಡ ಸೆಂಟಾರಸ್ ಎ ಗ್ಯಾಲಕ್ಸಿ: ಸುಮಾರು ಒಂದು ಕೋಟಿ ಇಪ್ಪತ್ತು ಲಕ್ಷ ಜ್ಯೋತಿರ್ವರ್ಷ ದೂರದ್ದು. ಅದಕ್ಕೆ 900 ಸಾಲದು, ಇನ್ನೂ ತೆಗೆಯಿರಿ!